ಮಕರ ಅಂದ್ರೆ ಬರೀ ಮೊಸಳೆ ಅಲ್ಲ

ಚೌತಿ ಹಬ್ಬ ಬಂತು ಅಂದ್ರೆ ಶಿರಸಿಯ ನಮ್ಮನೇಲಿ ದೇವರ ಹಿತ್ತಾಳೆ ಪ್ರಭಾವಳಿ ತಿಕ್ಕೋ ಕೆಲಸ ನಂದು, ಹುಣಸೆಹಣ್ಣು ಹಾಕಿ ಉಜ್ಜಿದ್ರೆ ಮೇಲಿನ ಸಿಂಹಮುಖ ಬೇಗ ಹೊಳೆಯತ್ತೆ, ಆದ್ರೆ ಕೆಳಗೆ ಎರಡೂ ಕಡೆ ಬಾಯಿ ತೆರ್ಕೊಂಡಿರೋ ಪ್ರಾಣಿ ಇದ್ಯಲ್ಲ, ಅದರ ಹಲ್ಲಿನ ಸಂದೀಲಿ ಹುಣಸೆ ನಾರು ಸಿಕ್ಕಾಕೊಂಡು ಕಡ್ಡಿ ಹಾಕಿ ತೆಗೀಬೇಕು. ಈ ಸಲ ಅಕ್ಕನ ಮಗ ಪಕ್ಕ ಕೂತು "ಮಾವ, ಇದು ಆನೆನಾ ಮೊಸಳೆನಾ?" ಅಂದ. ಮಕರ ಅಂದೆ. "ಮಕರ ಅಂದ್ರೆ ಮೊಸಳೆ ಅಂತ ಟೀಚರ್ ಹೇಳಿದಾರೆ" ಅಂದ. ಅದಕ್ಕೇ ಇದನ್ನ ಬರೀತಿದೀನಿ.

ಮೊಸಳೆಗೆ ನಮ್ಮದೇ ಹೆಸರಿದೆ. ಕನ್ನಡದ ಮೊಸಳೆ, ತಮಿಳಿನ ಮುದಲೈ ಒಂದೇ ಬೇರಿನವು, ಹಳಗನ್ನಡದಲ್ಲಿ ನೆಗಳ್ ಅಂತಾನೂ ಇತ್ತು. ದಾಂಡೇಲೀಲಿ ಕಾಳಿ ಹೊಳೆ ಬಂಡೆ ಮೇಲೆ ಬಾಯಿ ತೆಗ್ದು ಬಿಸಿಲು ಕಾಯ್ತಾ ಬಿದ್ದಿರತ್ತಲ್ಲ ಅದು ಮೊಸಳೆ, ಅದನ್ನ ಯಾರೂ ಮಕರ ಅನ್ನಲ್ಲ. ಮಕರ ಸಂಸ್ಕೃತದ್ದು, ಉತ್ತರದ ಕಡೆ ಸವೆದು ಮಗರ್ ಆಯ್ತು, ಇಂಗ್ಲಿಷ್‌ನೋರು ಅದನ್ನೇ ಮಗ್ಗರ್ ಮಾಡ್ಕೊಂಡ್ರು. ಆದ್ರೂ ಹಿಂದೀಲಿ ಮಗರ್‌ಮಚ್ಛ್ ಅಂತಾರೆ, ಕೊನೇಲಿ ಮೀನು ಅಂಟ್ಕೊಂಡೇ ಇದೆ ನೋಡಿ. ಗೀತೆಯ 10ನೇ ಅಧ್ಯಾಯದಲ್ಲೂ "ಝಷಾಣಾಂ ಮಕರಶ್ಚಾಸ್ಮಿ" ಅಂತಿದೆ, ಝಷ ಅಂದ್ರೆ ಮೀನು, ಮೀನುಗಳಲ್ಲಿ ನಾನು ಮಕರ ಅಂತ. ಕೆಲವ್ರು ಅಲ್ಲಿ ಮೊಸಳೆ ಅಂತ ಅರ್ಥ ಹೇಳ್ತಾರೆ, ಕೆಲವ್ರು ಶಾರ್ಕ್ ಅಂತಾರೆ, ನಂಗೆ ಎರಡೂ ಸಾಲದು ಅನ್ಸತ್ತೆ.

ಶಿಲ್ಪಿಗಳನ್ನ ಕೇಳಿದ್ರೆ ಗೊತ್ತಾಗತ್ತೆ. ಬಿಹಾರದ ಬರಾಬರ್ ಬೆಟ್ಟದಲ್ಲಿ ಲೋಮಸ ಋಷಿ ಗುಹೆ ಇದೆ, ಕ್ರಿ.ಪೂ. 3ನೇ ಶತಮಾನದ್ದು, ಬಾಗಿಲಿನ ಕಮಾನಿನ ತುಂಬ ಆನೆಗಳ ಸಾಲು, ಸಾಲಿನ ಎರಡೂ ತುದೀಲಿ ಮಕರ, ಅಲ್ಲಿನ್ನೂ ಮೊಸಳೆ ಥರಾನೇ ಇದೆ. ಅದೇ 12ನೇ ಶತಮಾನದ ಹಳೇಬೀಡಿಗೆ ಬಂದ್ರೆ ಆನೆ ಸೊಂಡಿಲು, ಸಿಂಹದ ಕಾಲು, ಹಿಂದೆ ನವಿಲಿನ ಗರಿ ಥರ ಬಾಲ! ಕೈ ತಪ್ಪಿ ಆಗಿದ್ದಲ್ಲ ಇದು, ಒಂದೇ ಪ್ರಾಣಿ ಆಗಬಾರದು ಅಂತಲೇ ಕೆತ್ತಿದ್ದು ಅಂತ ನಾನು ನಂಬ್ತೀನಿ.

ರಾಶೀದು ಇನ್ನೂ ಮಜಾ ಇದೆ. 6ನೇ ಶತಮಾನದ ಜ್ಯೋತಿಷಿ ವರಾಹಮಿಹಿರ ಬೃಹಜ್ಜಾತಕ ಅನ್ನೋ ಜ್ಯೋತಿಷದ ಪುಸ್ತಕದಲ್ಲಿ ಮಕರಕ್ಕೆ ಜಿಂಕೆ ಮುಖ ಅಂತಾನೆ, ಆ ರಾಶಿಗೆ ಆಕೋಕೇರ ಅಂತ ಇನ್ನೊಂದು ಹೆಸರೂ ಕೊಡ್ತಾನೆ, ಅದು ಗ್ರೀಕರ ಐಗೋಕೆರೋಸ್, ಆಡಿನ ಕೊಂಬಿಂದು ಅಂತ. ಅದಕ್ಕೂ ಹಿಂದೆ ಬ್ಯಾಬಿಲೋನಿನವರಿಗೆ ಅದು ಆಡಿನ ತಲೆ ಮೀನಿನ ಬಾಲದ ಪ್ರಾಣಿ. ಅಂಥದ್ದು ನಮ್ಮಲ್ಲಿಗೆ ಬಂದಾಗ ಮೊಸಳೆ ಅಂತ ಕರೆಯೋಕೆ ಆಗ್ತಿತ್ತಾ ಹೇಳಿ, ಮಕರಕ್ಕಾದ್ರೆ ಯಾವ ತಲೆನೂ ಹೊಂದತ್ತೆ.

ಗಂಗೆಗೆ ವಾಹನ ಮಕರ, ಮನ್ಮಥನ ಬಾವುಟದಲ್ಲಿ ಮಕರ, ಹಳೇ ಕಾವ್ಯದಲ್ಲಿ ಸಮುದ್ರಕ್ಕೆ ಹೆಸರೇ ಮಕರಾಲಯ. ಆ ದಾಂಡೇಲಿ ನೀರೇ ಹರ್ಕೊಂಡು ಬಂದು ಕಾರವಾರದ ಸದಾಶಿವಗಡದ ಹತ್ರ ಸಮುದ್ರ ಸೇರತ್ತೆ. ಆ ಕರಾವಳೀಲಿ ನೂಲುಹುಣ್ಣಿಮೆ ದಿನ ಮೀನುಗಾರರು ಅಲೆಗೆ ತೆಂಗಿನಕಾಯಿ ಬಿಟ್ಟು ಕೈ ಮುಗೀತಾರೆ, ಮಳೆಗಾಲದ ಅಬ್ಬರ ಇಳೀಲಿ, ಬಲೆ ತುಂಬ್ಲಿ, ಹೋದವರು ವಾಪಸ್ ಬರ್ಲಿ ಅಂತ. ಆ ಕಾಯಿ ಹೋಗೋದು ವರುಣನಿಗೆ, ಅವನು ಕೂತಿರೋದು ಮಕರದ ಮೇಲೆ.