ಟೋನ್ ಆಗೋದು, ಭಾರ ಎತ್ತೋದು, ತೂಕ ಇಳಿಸುವ ಡಬ್ಬಿ: ಜೊತೆ ಓದುವವರಿಗೆ ಟಿಪ್ಪಣಿ

ಬಾಗಲಕೋಟೆ ನವನಗರದಲ್ಲಿ ನಾನು ಬೆಳಿಗ್ಗೆ ಹೋಗುವ ಜಿಮ್‌ಗೆ ಮದುವೆ ಸೀಸನ್ ಹತ್ತಿರ ಬಂದಾಗ ಹೊಸಬರು ಜಾಸ್ತಿ ಬರುತ್ತಾರೆ. ಮುಖ ಬೇರೆ ಬೇರೆ, ಪ್ರಶ್ನೆ ಮಾತ್ರ ಅವೇ: ದಪ್ಪ ಆಗದೆ ಟೋನ್ ಆಗೋದು ಹೇಗೆ, ಪ್ರೋಟೀನ್ ಪುಡಿ ಬೇಕಾ, ತೂಕ ಇಳಿಸುವ ಮಾತ್ರೆ ತಿನ್ನಬಹುದಾ. ಟ್ರೇನರ್ ಕೋರ್ಸಿಗೆ ಓದುತ್ತಿರುವ ನಾವು ಇವಕ್ಕೆ ನೆಟ್ಟಗೆ ಉತ್ತರ ಹೇಳದಿದ್ದರೆ, ಡಬ್ಬಿ ಮಾರುವವರು ಹೇಳುತ್ತಾರೆ. ಅದಕ್ಕೇ ಇಷ್ಟು ಬರೆದಿಟ್ಟಿದ್ದೇನೆ.

"ಬರೇ ಟೋನ್ ಆದ್ರ ಸಾಕು"

ಕಳೆದ ತಿಂಗಳು ಒಬ್ಬ ಅಕ್ಕ ಬಂದರು. ಎರಡು ಕೆಜಿಯ ಡಂಬೆಲ್ ಕೈಯಲ್ಲಿ ಹಿಡಿದು, "ತಮ್ಮಾ, ನನಗ ದಪ್ಪ ಆಗೂದು ಬ್ಯಾಡ. ಬರೇ ಟೋನ್ ಆದ್ರ ಸಾಕು" ಅಂದರು. ಐವತ್ತು ಸಲ ಎತ್ತಿದರು. ಉಸಿರು ಸಹ ಏರಲಿಲ್ಲ.

ಇಲ್ಲಿ ನಾವು ತಿಳಿಯಬೇಕಾದದ್ದು ಒಂದೇ. ಟೋನ್ ಅಂತ ಬೇರೆ ಜಾತಿಯ ಸ್ನಾಯು ಇಲ್ಲ. ಒಳಗೆ ಸ್ನಾಯು ಸ್ವಲ್ಪ ಬೆಳೆದು, ಮೇಲಿನ ಕೊಬ್ಬು ಸ್ವಲ್ಪ ಕರಗಿದರೆ ಕಾಣುವ ಆಕಾರಕ್ಕೆ ಜನ ಟೋನ್ ಅನ್ನುತ್ತಾರೆ. ಹಾಗಾಗಿ ಟೋನ್ ಬೇಕು ಅನ್ನುವವರೂ ಎತ್ತಬೇಕಾದದ್ದು ಸ್ನಾಯುವಿಗೆ ಕೆಲಸ ಅನ್ನಿಸುವ ಭಾರವನ್ನೇ. ಅಳತೆ ಸುಲಭ: ಒಂದು ಸೆಟ್ (ನಡುವೆ ನಿಲ್ಲಿಸದೆ ಎತ್ತುವ ಒಂದು ಸುತ್ತು) ಮುಗಿಸಿದಾಗ ಇನ್ನು ಎರಡೋ ಮೂರೋ ಸಲ ಮಾತ್ರ ಎತ್ತಲು ಆಗುತ್ತಿತ್ತು ಅನ್ನಿಸಬೇಕು. ಹೊಸಬರಿಗೆ 8ರಿಂದ 12 ಸಲದಲ್ಲಿ ಆ ಹಂತ ಬರುವಂಥ ಭಾರ ಸರಿ.

ಹೆಂಗಸರು ಭಾರ ಎತ್ತಿದರೆ ಪೈಲ್ವಾನರಂತೆ ಆಗುತ್ತಾರೆ ಅನ್ನುವ ಹೆದರಿಕೆ ಬೇಡ. ಸ್ನಾಯು ದೊಡ್ಡದಾಗಿಸುವ ಟೆಸ್ಟೊಸ್ಟೆರಾನ್ ಹಾರ್ಮೋನು ಹೆಂಗಸರಲ್ಲಿ ಗಂಡಸರಿಗಿಂತ ಎಷ್ಟೋ ಪಟ್ಟು ಕಡಿಮೆ. ಗಂಡಸರಿಗೇ ಆ ಮೈಕಟ್ಟು ಬರಲು ವರ್ಷಗಟ್ಟಲೆ ತಾಲೀಮು ಬೇಕು. ಸುಮ್ನೆ ಯೋಚಿಸಿ, ನಮ್ಮ ಊರುಗಳಲ್ಲಿ ಎರಡೆರಡು ಕೊಡ ನೀರು ಹೊತ್ತು ತಂದ ಅವ್ವ, ಅಜ್ಜಿಯರು ಪೈಲ್ವಾನರಾದರೇ?

ಹೊಟ್ಟೆಯದೂ ಇದೇ ಕಥೆ. ನೂರು ಕ್ರಂಚಸ್ (ಮಲಗಿ ತಲೆ, ಭುಜ ಎತ್ತುವ ವ್ಯಾಯಾಮ) ಹೊಡೆದರೆ ಹೊಟ್ಟೆಯ ಸ್ನಾಯು ಗಟ್ಟಿಯಾಗುತ್ತದೆ, ಅದರ ಮೇಲಿನ ಬೊಜ್ಜು ಅಲ್ಲೇ ಕರಗುವುದಿಲ್ಲ. ಕೊಬ್ಬು ಇಡೀ ಮೈಯಿಂದ ರಕ್ತಕ್ಕೆ ಬಂದು ಖರ್ಚಾಗುತ್ತದೆ. ಮೊದಲು ಎಲ್ಲಿಂದ ಕರಗುತ್ತದೆ ಅನ್ನುವುದು ನಮ್ಮ ಕೈಯಲ್ಲಿಲ್ಲ.

ಭಾರ ಏರಿಸುವುದು ಹೇಗೆ

ನಮ್ಮ ಕಡೆ ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವವರನ್ನು ನೋಡಿದ್ದೀರಲ್ವಾ? ಯಾರೂ ಮೊದಲ ದಿನವೇ ಜಾತ್ರೆಯ ಕಲ್ಲಿಗೆ ಕೈ ಹಾಕಿರುವುದಿಲ್ಲ. ಸಣ್ಣ ಕಲ್ಲು, ಅದು ಹಗುರ ಅನ್ನಿಸಿದ ಮೇಲೆ ಅದಕ್ಕಿಂತ ಒಂಚೂರು ದೊಡ್ಡದು. ಗರಡಿಮನೆಯವರಿಗೆ ಗೊತ್ತಿದ್ದ ಇದನ್ನೇ 1940ರ ದಶಕದಲ್ಲಿ ಥಾಮಸ್ ಡಿಲಾರ್ಮ್ ಎಂಬ ಅಮೆರಿಕದ ಸೇನಾ ವೈದ್ಯರು ಗಾಯಗೊಂಡ ಸೈನಿಕರ ಮೇಲೆ ಲೆಕ್ಕ ಇಟ್ಟು ಮಾಡಿದರು. ಹತ್ತು ಸಲ ಎತ್ತಬಲ್ಲ ಭಾರ ಹುಡುಕುವುದು, ಶಕ್ತಿ ಬಂದಂತೆ ಭಾರ ಏರಿಸುವುದು. ಇವತ್ತಿಗೂ ಜಿಮ್‌ನಲ್ಲಿ ಹತ್ತು ಸಲದ ಸೆಟ್ ನಡೆಯುತ್ತಿರುವುದರಲ್ಲಿ ಅವರ ಪಾಲು ದೊಡ್ಡದು.

ಟೋನ್ ಕೇಳಿ ಬಂದ ಆ ಅಕ್ಕ ಈಗ ಎತ್ತಿದ್ದನ್ನು ಬರೆದಿಡುವ ನೋಟ್‌ಬುಕ್ಕಿನ ಒಂದು ಪುಟ ಹೀಗಿದೆ. ಡೆಡ್‌ಲಿಫ್ಟ್ (ನೆಲದಿಂದ ರಾಡ್ ಎತ್ತಿ ನೆಟ್ಟಗೆ ನಿಲ್ಲುವುದು), ಬರೇ ರಾಡ್, 20 ಕೆಜಿ, 8 ಸಲ, ಮೂರು ಸೆಟ್. ಎರಡು ದಿನ ಬಿಟ್ಟು 9 ಸಲ. ಮತ್ತೆ 10. ಮೂರೂ ಸೆಟ್ಟಿನಲ್ಲಿ 12 ಮುಟ್ಟಿದ ದಿನ ಎರಡೂ ಕಡೆ 1.25 ಕೆಜಿಯ ಪ್ಲೇಟ್ ಹಾಕಿದೆವು. ಈಗ 22.5 ಕೆಜಿ, ಮತ್ತೆ 8 ಸಲದಿಂದ ಶುರು. ಇಷ್ಟೇ ವಿದ್ಯೆ. ನೋಟ್‌ಬುಕ್ ಇಲ್ಲದವರು ಆರು ತಿಂಗಳಾದರೂ ಅದೇ ಡಂಬೆಲ್ ಹಿಡಿದು ನಿಂತಿರುವುದನ್ನು ನೋಡಿ ನನಗೆ ನಿಜವಾಗಿ ಬೇಜಾರಾಗುತ್ತದೆ.

ಮೊದಲ ಕೆಲವು ವಾರ ಶಕ್ತಿ ಬೇಗ ಏರುತ್ತದೆ, ಕನ್ನಡಿಯಲ್ಲಿ ಏನೂ ಕಾಣುವುದಿಲ್ಲ. ಆಗ ಕಲಿಯುತ್ತಿರುವುದು ಹೆಚ್ಚಾಗಿ ನರಗಳು, ಸ್ನಾಯು ಆಮೇಲೆ ಬೆಳೆಯುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಅಷ್ಟರಲ್ಲೇ ಜಿಮ್ ಬಿಡುತ್ತಾರೆ. ಮರುದಿನದ ಮೈಕೈ ನೋವು ಎರಡು ಮೂರು ದಿನದಲ್ಲಿ ಹೋಗುತ್ತದೆ. ಕೀಲಿನಲ್ಲಿ ಚುಚ್ಚುವ ನೋವು ಬೇರೆ, ಅದು ಬಂದರೆ ನಿಲ್ಲಿಸಬೇಕು. ವಾರಕ್ಕೆ ಎಷ್ಟು ದಿನ? ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚನೆ ಪ್ರಕಾರ ಕನಿಷ್ಠ ಎರಡು ದಿನ ಸ್ನಾಯುವಿನ ವ್ಯಾಯಾಮ, ಜೊತೆಗೆ ವಾರಕ್ಕೆ 150ರಿಂದ 300 ನಿಮಿಷ ಚುರುಕು ನಡಿಗೆಯಂಥದ್ದು.

ಪ್ರೋಟೀನ್ ಪುಡಿ ಬೇಕೇ ಬೇಕಾ?

ಮೊದಲು ತಟ್ಟೆಯ ಲೆಕ್ಕ ಹಾಕೋಣ. ಸಾಮಾನ್ಯ ವಯಸ್ಕರಿಗೆ ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ. ಭಾರ ಎತ್ತುವವರಿಗೆ 1.4 ಗ್ರಾಂ ಹಿಡಿಯೋಣ. 60 ಕೆಜಿಯವರಿಗೆ 84 ಗ್ರಾಂ ಆಯಿತು.

ಜೋಳದ ಹಿಟ್ಟು 150 ಗ್ರಾಂ ರೊಟ್ಟಿಯಾದರೆ ಸುಮಾರು 15 ಗ್ರಾಂ ಪ್ರೋಟೀನ್. ಮಡಕಿಕಾಳು ಅಥವಾ ಹೆಸರುಕಾಳು ಒಣ ತೂಕದಲ್ಲಿ 100 ಗ್ರಾಂ, ಅದರಲ್ಲಿ 23. ಎರಡು ಮೊಟ್ಟೆಗೆ 12. ಒಂದು ದೊಡ್ಡ ಬಟ್ಟಲು ಮೊಸರಿಗೆ 8, ಒಂದು ದೊಡ್ಡ ಲೋಟ ಹಾಲಿಗೆ 8. ಶೇಂಗಾ 30 ಗ್ರಾಂಗೆ 7. ಕೂಡಿಸಿದರೆ 73. ಇನ್ನೆರಡು ಮೊಟ್ಟೆ ತಿಂದರೆ ಮುಗಿಯಿತು. ಮೊಟ್ಟೆ ತಿನ್ನದವರಿಗೆ ಒಂದು ಅಳತೆಚಮಚ ವೇ ಪ್ರೋಟೀನ್ ಪುಡಿ ಅನುಕೂಲವೇ. ಪುಡಿಯ ಡಬ್ಬಿಯಲ್ಲೇ ಬರುವ ಆ ಚಮಚದಲ್ಲಿ 20ರಿಂದ 25 ಗ್ರಾಂ ಸಿಗುತ್ತದೆ. ಅದು ಹಾಲಿನಿಂದಲೇ ಬಂದ ಆಹಾರ, ಮಾಯೆಯೂ ಅಲ್ಲ, ವಿಷವೂ ಅಲ್ಲ.

ಒಂದು ಎಚ್ಚರಿಕೆ. ಶೇಂಗಾ ಹಿಂಡಿಯನ್ನು (ಚಟ್ನಿಪುಡಿ) ಪ್ರೋಟೀನ್ ಅಂತ ಮುಷ್ಟಿಗಟ್ಟಲೆ ತಿನ್ನಬೇಡಿ. 100 ಗ್ರಾಂ ಶೇಂಗಾದಲ್ಲಿ 25 ಗ್ರಾಂ ಪ್ರೋಟೀನ್ ಇದ್ದರೆ ಕೊಬ್ಬು ಅದರ ಹತ್ತಿರ ಹತ್ತಿರ ಎರಡು ಪಟ್ಟು. ಅಮೀನಗಡದ ಕರದಂಟೂ ಹಾಗೇ. ಪೈಲ್ವಾನರು ತಿಂದು ಕರಗಿಸುತ್ತಿದ್ದರು. ನಾವು ತೂಕ ಇಳಿಸಲು ಹೊರಟವರು.

ಫ್ಯಾಟ್ ಬರ್ನರ್

ಇಲ್ಲಿ ಸ್ವಲ್ಪ ನಿಲ್ಲಬೇಕು. ಫ್ಯಾಟ್ ಬರ್ನರ್ ಅಂದರೆ ಕೊಬ್ಬು ಕರಗಿಸುತ್ತದೆ ಅಂತ ಮಾರುವ ಮಾತ್ರೆ. ಇಂಥ ತೂಕ ಇಳಿಸುವ ಮಾತ್ರೆಗಳ ಮೇಲೆ ಗಾರ್ಸೀನಿಯಾ ಅಂತ ಓದಿರುತ್ತೀರಿ. ಅದು ಯಾವುದೋ ದೂರದೇಶದ ಹಣ್ಣಲ್ಲ, ಶಿರಸಿ ಕಡೆಯ ಕಾಡಿನ ಉಪ್ಪಾಗೆ. 1998ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ 135 ಜನರನ್ನು ತೆಗೆದುಕೊಂಡು, ಕೆಲವರಿಗೆ ಉಪ್ಪಾಗೆಯ ಸಾರ, ಉಳಿದವರಿಗೆ ಬರೇ ತೋರಿಕೆಯ ಮಾತ್ರೆ ಕೊಟ್ಟರು. ಎರಡೂ ಗುಂಪಿನವರಿಗೆ ಊಟ ಕಡಿಮೆ ಮಾಡಿಸಿದರು. 12 ವಾರ ಆದಮೇಲೆ ಎರಡೂ ಗುಂಪಿನವರ ತೂಕ ಇಳಿದಿತ್ತು. ಸಾರ ತಿಂದವರಿಗೆ ಜಾಸ್ತಿ ಇಳಿದಿರಲಿಲ್ಲ. ಅಂದರೆ ಇಳಿಸಿದ್ದು ಊಟ. ಇಂಥ ಮಾತ್ರೆ ತಿಂದು ಲಿವರ್ ಕೆಟ್ಟ ಪ್ರಕರಣಗಳೂ ವರದಿಯಾಗಿವೆ.

ಇನ್ನು "ಒಂದು ವಾರದಲ್ಲಿ ನಾಲ್ಕು ಕೆಜಿ" ಅನ್ನುವ ಚಹಾಪುಡಿಗಳು. ಹಲವದರಲ್ಲಿ ಸೋನಾಮುಖಿ ಇರುತ್ತದೆ, ಭೇದಿ ಮಾಡಿಸುವ ಎಲೆ. ತೂಕದ ಯಂತ್ರದಲ್ಲಿ ಕಡಿಮೆಯಾದದ್ದು ನೀರು. ಬೊಜ್ಜು ಇದ್ದಲ್ಲೇ ಇದೆ.

ಇವೆಲ್ಲಕ್ಕಿಂತ ಕೆಟ್ಟದ್ದು ಲೇಬಲ್ಲಿನಲ್ಲಿ ಬರೆಯದ ಔಷಧಿ. ಸಿಬುಟ್ರಮಿನ್ ಅನ್ನುವ ಹಸಿವು ಕಡಿಮೆ ಮಾಡುವ ಮಾತ್ರೆ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಹೆಚ್ಚಿಸುತ್ತದೆ ಅಂತ 2010ರಲ್ಲಿ ಅಮೆರಿಕ, ಯುರೋಪಿನಲ್ಲಿ ಮಾರುಕಟ್ಟೆಯಿಂದ ಹೋಯಿತು, 2011ರಲ್ಲಿ ನಮ್ಮ ದೇಶದಲ್ಲೂ ನಿಷೇಧವಾಯಿತು. ಆಮೇಲೂ "ಪೂರ್ತಿ ಗಿಡಮೂಲಿಕೆ" ಅಂತ ಮಾರುವ ಮಾತ್ರೆಗಳಲ್ಲಿ ಅದು ಮತ್ತೆ ಮತ್ತೆ ಸಿಕ್ಕಿಬಿದ್ದಿದೆ.

ಎರಡು ವರ್ಷದ ಹಿಂದೆ ನಾನೂ ಒಂದು ಅಂಗಡಿಯಿಂದ ಫ್ಯಾಟ್ ಬರ್ನರ್ ತಂದಿದ್ದೆ. ಸಂಜೆ ಒಂದು ಮಾತ್ರೆ ನುಂಗಿ, ಮೇಲೆ ಎರಡು ಕಪ್ ಚಹಾ ಕುಡಿದೆ. ರಾತ್ರಿ ಮೂರರವರೆಗೆ ಎದೆ ಡವಡವ, ಅಂಗೈ ಬೆವರು. ಅವ್ವ ಪಕ್ಕದಲ್ಲೇ ಕೂತು ಎದೆ ನೀವುತ್ತಿದ್ದಳು. ಬೆಳಿಗ್ಗೆ ಡಬ್ಬಿ ತಿರುಗಿಸಿ ಓದಿದೆ. "ಪ್ರೊಪ್ರೈಟರಿ ಬ್ಲೆಂಡ್, 900 ಮಿಗ್ರಾಂ" ಅಂತ ಇತ್ತು, ಅಂದರೆ ಯಾವುದು ಎಷ್ಟು ಅಂತ ಬಿಡಿಸಿ ಹೇಳದ ಕಂಪನಿಯ ಸ್ವಂತ ಮಿಶ್ರಣ. ಅದರಲ್ಲಿ ಕೆಫೀನ್ ಎಷ್ಟು ಅಂತ ಎಲ್ಲೂ ಇಲ್ಲ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಗ್ರಾಂ ಕೆಫೀನ್ ಮಿತಿ ಅನ್ನುತ್ತಾರೆ. ಎಷ್ಟಿದೆ ಅಂತಲೇ ಬರೆಯದಿದ್ದರೆ ಮಿತಿ ಲೆಕ್ಕ ಹಾಕುವುದು ಹೇಗೆ?

ಹಾಗಾಗಿ ಯಾರಾದರೂ ಡಬ್ಬಿ ತಂದು ತೋರಿಸಿದರೆ ನಾನು ಮೊದಲು ಹಿಂದಿನ ಲೇಬಲ್ ನೋಡುತ್ತೇನೆ. ಪ್ರತಿ ಪದಾರ್ಥದ ಎದುರು ಅಳತೆ ಇದೆಯಾ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇದೆಯಾ. ಬಿಪಿ, ಸಕ್ಕರೆ ಕಾಯಿಲೆ, ಥೈರಾಯ್ಡ್ ಇರುವವರು, ಬಸುರಿಯರು, ಹಾಲುಣಿಸುವವರು ಬಂದರೆ ಲೇಬಲ್ ನೋಡುವುದೂ ನಮ್ಮ ಕೆಲಸ ಅಲ್ಲ. ಡಬ್ಬಿ ಸಮೇತ ಡಾಕ್ಟರ ಹತ್ತಿರ ಕಳಿಸಿ.