ಚಿಪ್ಪು ಮೆತ್ತಗಾದ ಆಮೆಯನ್ನು ಉಳಿಸಬಹುದಾ?

ಓದುಗರ ಪ್ರಶ್ನೆ: ಕೆಳಗಿನ ಮನೆಯವರು ಖಾಲಿ ಮಾಡಿ ಹೋಗುವಾಗ ಒಂದು ಆಮೆಯನ್ನು ಟಬ್ ಸಮೇತ ಬಿಟ್ಟುಹೋದರು. ಅಂಗೈ ಅಗಲ ಇದೆ. ಎರಡು ವರ್ಷ ಬಚ್ಚಲುಮನೆಯ ಮೂಲೆಯಲ್ಲೇ ಇತ್ತಂತೆ. ಚಿಪ್ಪು ಒತ್ತಿದರೆ ತಗ್ಗುತ್ತದೆ. ಕಣ್ಣು ಊದಿ ಮುಚ್ಚಿಕೊಂಡಿದೆ. ಏನು ಹಾಕಿದರೂ ತಿನ್ನುತ್ತಿಲ್ಲ. ಏನು ಮಾಡಲಿ?

ಎಷ್ಟೋ ಆಮೆಗಳು ಈ ಸ್ಥಿತಿಯಿಂದ ಚೇತರಿಸಿಕೊಳ್ಳುತ್ತವೆ. ಆದರೆ ಊಟದಿಂದ ಶುರು ಮಾಡಬೇಡಿ. ನಮಗೆಲ್ಲ ಮೊದಲು ಬರುವ ಯೋಚನೆಯೇ ಅದು: ಪಾಪ, ಹಸಿದಿದೆ, ಏನಾದರೂ ತಿನ್ನಿಸೋಣ ಅಂತ. ಆಮೆಗೆ ನಮ್ಮ ಹಾಗೆ ಮೈಯೊಳಗೇ ಬಿಸಿ ಹುಟ್ಟುವುದಿಲ್ಲ. ಸುತ್ತಲಿನ ನೀರು ತಣ್ಣಗಿದ್ದರೆ ಅದರ ಹೊಟ್ಟೆಯೂ ತಣ್ಣಗೆ. ಆಗ ಹಸಿವಾಗುವುದಿಲ್ಲ, ತಿಂದಿದ್ದೂ ಜೀರ್ಣವಾಗುವುದಿಲ್ಲ. ಹಾಗಾಗಿ ಮೊದಲು ಬಿಸಿ, ಆಮೇಲೆ ಬೆಳಕು, ಕೊನೆಗೆ ಊಟ.

ಅದಕ್ಕೂ ಮುಂಚೆ ಒಂದು ವಿಷಯ ನೋಡಿಬಿಡಿ. ಕಣ್ಣಿನ ಹಿಂದೆ ಕೆಂಪು ಪಟ್ಟಿ ಇದೆಯಾ? ಇದ್ದರೆ ಅದು ಅಕ್ವೇರಿಯಂ ಅಂಗಡಿಗಳಲ್ಲಿ ಮಾರುವ ರೆಡ್ ಇಯರ್ಡ್ ಸ್ಲೈಡರ್. ಮೂಲ ಊರು ಅಮೆರಿಕದ ಮಿಸಿಸಿಪ್ಪಿ ನದಿಯ ಕಡೆ. ಮುಂದೆ ಹೇಳುವುದೆಲ್ಲ ಇದಕ್ಕೆ. ಚಿಪ್ಪಿನ ಮೇಲೆ ಹಳದಿ ನಕ್ಷತ್ರದಂಥ ಗೆರೆಗಳಿದ್ದರೆ ಅದು ನಕ್ಷತ್ರ ಆಮೆ. ಅದು ನೆಲದ ಮೇಲೆ ಬದುಕುವ ಪ್ರಾಣಿ, ಆಳದ ನೀರಿಗೆ ಹಾಕಿದರೆ ಮುಳುಗಿ ಸಾಯುತ್ತದೆ. ಅದನ್ನಾಗಲಿ, ನಮ್ಮ ಕೆರೆಗಳ ಆಮೆಗಳನ್ನಾಗಲಿ ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಅಂಥದ್ದಾದರೆ ಅರಣ್ಯ ಇಲಾಖೆಗೆ ಫೋನ್ ಮಾಡಿ ಒಪ್ಪಿಸಿಬಿಡಿ.

ಸ್ಲೈಡರ್ ಅಂತಲೇ ಇಟ್ಟುಕೊಳ್ಳೋಣ. ಇವತ್ತು ನಾಳೆಯೊಳಗೆ ಆಗಬೇಕಾದ ಕೆಲಸ ಎರಡು. ಹಳೇ ನೀರು ಚೆಲ್ಲಿ, ಟಬ್ ತಿಕ್ಕಿ ತೊಳೆದು, ಶುದ್ಧ ನೀರು ಹಾಕಿ. ನಲ್ಲಿ ನೀರಾದರೆ ಒಂದು ದಿನ ಬಕೆಟ್‌ನಲ್ಲಿ ತೆರೆದಿಟ್ಟರೆ ಕ್ಲೋರಿನ್ ವಾಸನೆ ಹೋಗುತ್ತದೆ. ನಿತ್ರಾಣವಾದ ಆಮೆಗೆ ಆಳ ಬೇಡ, ಕಾಲೂರಿ ನಿಂತರೆ ಮೂಗು ಮೇಲೆ ಬರುವಷ್ಟು ಸಾಕು. ನೀರಿನ ಬಿಸಿ 26ರಿಂದ 28 ಡಿಗ್ರಿ ಇರಲಿ. ಮೀನಿನ ತೊಟ್ಟಿಗೆ ಹಾಕುವ ಹೀಟರ್ ಪೂರ್ತಿ ಮುಳುಗುವಷ್ಟು ನೀರಿಲ್ಲದಿದ್ದರೆ ಅದನ್ನು ಹಾಕಬೇಡಿ, ಒಡೆಯುತ್ತದೆ. ಅಲ್ಲಿಯವರೆಗೆ ಟಬ್ಬನ್ನು ಬೆಚ್ಚಗಿನ ಕೋಣೆಯಲ್ಲಿಡಿ. ಎರಡನೆಯದು, ಮೈ ಪೂರ್ತಿ ಒಣಗುವಂತೆ ಹತ್ತಿ ಕೂರಲು ಒಂದು ಜಾಗ. ಎರಡು ಇಟ್ಟಿಗೆ, ಮೇಲೊಂದು ಹಂಚಿನ ಚೂರು ಓರೆಯಾಗಿಟ್ಟರೂ ನಡೆಯುತ್ತದೆ. ಅದರ ಮೇಲೆ ಒಂದು ಬಲ್ಬ್ ನೇತುಹಾಕಿ, ಕೂರುವ ಜಾಗ 32 ಡಿಗ್ರಿ ಆಸುಪಾಸು ಇರಬೇಕು. ಕೈಯಿಟ್ಟು ಅಂದಾಜು ಮಾಡಬೇಡಿ, ಸುಮ್ನೆ ಒಂದು ಥರ್ಮಾಮೀಟರ್ ತಂದುಬಿಡಿ.

ಇನ್ನು ಬೆಳಕು. ಚಿಪ್ಪು ಮೆತ್ತಗಾಗಲು ಮುಖ್ಯ ಕಾರಣವೇ ಇದು. ಚಿಪ್ಪು ಅಂದರೆ ಮೂಳೆ. ಮೂಳೆಗೆ ಕ್ಯಾಲ್ಸಿಯಂ ಬೇಕು, ಕ್ಯಾಲ್ಸಿಯಂ ಮೈಗೆ ಹತ್ತಲು ವಿಟಮಿನ್ ಡಿ3 ಬೇಕು. ಅದನ್ನು ಆಮೆಯ ಚರ್ಮ ಬಿಸಿಲಿನಲ್ಲಿರುವ ಯುವಿಬಿ ಅನ್ನುವ ನೇರಳಾತೀತ ಕಿರಣದಿಂದ ತಯಾರಿಸಿಕೊಳ್ಳುತ್ತದೆ. ಬಚ್ಚಲುಮನೆಯಲ್ಲಿ ಎಲ್ಲಿಂದ ಬರಬೇಕು ಬಿಸಿಲು? ತೀರಾ ಮರಿಯಾದರೆ ಚಿಪ್ಪು ಸ್ವಲ್ಪ ಮೆತ್ತಗಿರುವುದು ಸಹಜ, ಆದರೆ ಅಂಗೈ ಅಗಲದ ಆಮೆಗೆ ಹಾಗಿರಬಾರದು.

ನಾನು ಮಾಡಿದ ತಪ್ಪೊಂದು ಹೇಳುತ್ತೇನೆ. ನನ್ನ ಮೊದಲ ಆಮೆಯ ಗಾಜಿನ ತೊಟ್ಟಿಯನ್ನು ಪೂರ್ವದ ಕಿಟಕಿ ಪಕ್ಕ ಇಟ್ಟಿದ್ದೆ. ಬೆಳಗ್ಗೆ ಅದರ ಬೆನ್ನ ಮೇಲೆ ಬಿಸಿಲು ಬೀಳುವುದು ಕಾಣುತ್ತಿತ್ತು, ಇನ್ನೇನು ಬೇಕು ಅಂದುಕೊಂಡಿದ್ದೆ. ನಾಲ್ಕೈದು ತಿಂಗಳಲ್ಲಿ ಚಿಪ್ಪಿನ ಅಂಚು ಹಳೇ ಅಪ್ಪಳದ ಹಾಗೆ ಮೇಲಕ್ಕೆ ಸೊಟ್ಟಗಾಯಿತು. ಕಿಟಕಿ ಗಾಜು ಬೆಳಕನ್ನು ಬಿಡುತ್ತದೆ, ಯುವಿಬಿಯನ್ನು ತಡೆಯುತ್ತದೆ. ಆಗ ಗೊತ್ತಿರಲಿಲ್ಲ.

ಹಾಗಾಗಿ ಬೆಳಗಿನ ಬಿಸಿಲಿಗೆ ತಾರಸಿ ಮೇಲೋ ಅಂಗಳದಲ್ಲೋ ನೇರವಾಗಿ ಬಿಡಿ. ಮೊದಲ ದಿನಗಳಲ್ಲಿ 15 ನಿಮಿಷ, ಆಮೇಲೆ ಅರ್ಧ ಗಂಟೆ. ಟಬ್‌ನ ಅರ್ಧ ಭಾಗಕ್ಕೆ ನೆರಳಿರಲೇಬೇಕು. ಸಣ್ಣ ಟಬ್‌ನ ನೀರು ನೀವು ಕಾಫಿ ಕುಡಿದು ಬರುವಷ್ಟರಲ್ಲಿ ಕಾದುಬಿಡುತ್ತದೆ, ಆಮೆ ಬೆಂದೇ ಹೋಗಬಹುದು. ಕಾಗೆ, ಹದ್ದು, ಬೆಕ್ಕುಗಳ ಕಾಟವೂ ಇದೆ, ಮೇಲೆ ಜಾಲರಿ ಮುಚ್ಚಿ ಪಕ್ಕದಲ್ಲೇ ಕೂತಿರಿ. ದಿನಾ ಆಗದು ಅನ್ನುವವರು ಸರೀಸೃಪಗಳಿಗೆಂದೇ ಸಿಗುವ ಯುವಿಬಿ ಬಲ್ಬ್ ಹಾಕಿಸಬಹುದು. ಅದು ಉರಿಯುತ್ತಲೇ ಇದ್ದರೂ ಯುವಿಬಿ ಕ್ರಮೇಣ ಕಡಿಮೆಯಾಗುತ್ತದೆ, ಆರು ತಿಂಗಳಿಂದ ಒಂದು ವರ್ಷದೊಳಗೆ ಬದಲಿಸಬೇಕು.

ಕಣ್ಣು ಊದುವುದಕ್ಕೆ ಸಾಮಾನ್ಯವಾಗಿ ವಿಟಮಿನ್ ಎ ಕೊರತೆ, ಕೊಳಕು ನೀರು, ಅಥವಾ ಎರಡೂ ಕಾರಣ. ಒಣ ಸೀಗಡಿಯನ್ನೇ ತಿಂದು ಬೆಳೆದ ಆಮೆಗಳಲ್ಲಿ ಇದು ಜಾಸ್ತಿ. ಕಣ್ಣು ಕಾಣದ ಆಮೆ ಊಟ ಹುಡುಕುವುದೂ ಇಲ್ಲ. ಮನೆಯಲ್ಲಿರುವ ಕಣ್ಣಿನ ಡ್ರಾಪ್ಸ್ ಹಾಕಬೇಡಿ. ವಿಟಮಿನ್ ಎ ಇಂಜೆಕ್ಷನ್ ಕೂಡ ಹೆಚ್ಚಾದರೆ ಚರ್ಮವೇ ಸುಲಿದು ಬರುತ್ತದೆ, ಅದು ಡಾಕ್ಟರ ಲೆಕ್ಕಕ್ಕೆ ಬಿಟ್ಟಿದ್ದು.

ಡಾಕ್ಟರ ವಿಷಯಕ್ಕೆ ಬಂದರೆ, ನಿಮ್ಮ ಆಮೆಯನ್ನು ಈ ವಾರವೇ ತೋರಿಸಿ. ನಾಯಿ, ಹಸು ನೋಡುವವರೆಲ್ಲ ಆಮೆ ನೋಡುವುದಿಲ್ಲ, ಮೊದಲೇ ಕೇಳಿಕೊಳ್ಳಿ. ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ, ಅಲ್ಲಿ ವಿಚಾರಿಸಬಹುದು. ಜಂತಿಗೆ ಬೇರೆ ಪ್ರಾಣಿಗಳಿಗೆ ಕೊಡುವ ಐವರ್‌ಮೆಕ್ಟಿನ್ ಆಮೆಗೆ ವಿಷ, ಈ ಹೆಸರು ನೆನಪಿಟ್ಟುಕೊಳ್ಳಿ. ಈಜುವಾಗ ಒಂದು ಕಡೆಗೆ ವಾಲುವುದು, ಬಾಯಿ ತೆರೆದು ಉಸಿರಾಡುವುದು, ಮೂಗಿನಲ್ಲಿ ಗುಳ್ಳೆ, ಹೊಟ್ಟೆಯ ಚಿಪ್ಪಿನಡಿ ಕೆಂಪು ಛಾಯೆ, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಹೊರಡಿ.

ಚಿಪ್ಪಿನ ಮೇಲೆ ಹಸಿರು ಪಾಚಿ ಇದ್ದರೆ ಗಾಬರಿ ಬೇಡ, ಮೆತ್ತನೆ ಬ್ರಷ್‌ನಲ್ಲಿ ಉಜ್ಜಿದರೆ ಹೋಗುತ್ತದೆ. ತೆಳ್ಳಗಿನ ಪೊರೆ ಬಿಡುವುದೂ ಸಹಜ, ಕಿತ್ತು ತೆಗೆಯಬೇಡಿ. ಗುಳಿ ಬಿದ್ದು ವಾಸನೆ ಬರುತ್ತಿದ್ದರೆ ಅದು ಕೊಳೆತ. ಅದಕ್ಕೆ ಗಾಯಕ್ಕೆ ಹಚ್ಚುವ ಪೋವಿಡೋನ್ ಅಯೋಡಿನ್ ಅನ್ನು ತಿಳಿ ಚಹಾದ ಬಣ್ಣಕ್ಕೆ ನೀರು ಬೆರೆಸಿ ಹಚ್ಚಿ, ಕೆಲವು ಗಂಟೆ ಒಣ ಜಾಗದಲ್ಲಿಟ್ಟು ಆಮೇಲೆ ನೀರಿಗೆ ಬಿಡುವುದು ರೂಢಿ. ಎಣ್ಣೆ ಮಾತ್ರ ಹಚ್ಚಬೇಡಿ. ಹೊಳಪು ಬರುತ್ತದೆ ಅಂತ ಕೊಬ್ಬರಿ ಎಣ್ಣೆ ಸವರಿದವರನ್ನು ನೋಡಿದ್ದೇನೆ!

ಬಿಸಿ, ಬೆಳಕು ಸರಿಹೋಗಿ ಕಣ್ಣು ಬಿಟ್ಟ ಮೇಲೆ ಊಟ. ಸ್ಲೈಡರ್‌ಗಳು ನೀರಿನೊಳಗೇ ನುಂಗುವುದು, ಹೊರಗಿಟ್ಟರೆ ಮುಟ್ಟುವುದಿಲ್ಲ. ಮೊದಲ ತುತ್ತಿಗೆ ಎರೆಹುಳು ಒಳ್ಳೇದು, ಅದು ಮಿಸುಕಾಡುತ್ತದಲ್ವಾ, ಆಮೆಗೆ ಆಸೆಯಾಗುತ್ತದೆ. ಆಮೇಲೆ ಆಮೆಗೆಂದೇ ಮಾಡಿದ ಕಾಳು, ತುರಿದ ಕ್ಯಾರೆಟ್, ಸಿಹಿಕುಂಬಳ, ನುಗ್ಗೆ ಸೊಪ್ಪು. ಪಾಲಕ್ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ, ಬೇಡ. ಲವ್ ಬರ್ಡ್ಸ್ ಪಂಜರಕ್ಕೆ ಸಿಕ್ಕಿಸುವ ಬಿಳಿ ಕಟಲ್‌ಬೋನ್ ಒಂದು ಚೂರು ನೀರಲ್ಲಿ ತೇಲಿಬಿಡಿ, ಬೇಕಾದಾಗ ಕಚ್ಚಿಕೊಳ್ಳುತ್ತದೆ. ಅನ್ನ, ಬ್ರೆಡ್, ಹಾಲು ಯಾವುದೂ ಬೇಡ.

ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ, ಟಬ್ ತೊಳೆಯಲು ಅಡುಗೆಮನೆಯ ಸಿಂಕ್ ಬೇಡ. ಆಮೆಗಳ ಮೈಮೇಲೆ ಸಾಲ್ಮೊನೆಲ್ಲಾ ಅನ್ನುವ, ನಮಗೆ ಭೇದಿ ತರುವ ಬ್ಯಾಕ್ಟೀರಿಯಾ ಇರುತ್ತದೆ. ಇದೇ ಕಾರಣಕ್ಕೆ ಅಮೆರಿಕದಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆ ಮಾರುವುದನ್ನು 1975ರಲ್ಲೇ ನಿಲ್ಲಿಸಿದರು.

ಸುಧಾರಿಸುತ್ತಿದೆಯಾ ಅಂತ ತಿಳಿಯಲು ವಾರಕ್ಕೊಮ್ಮೆ ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ, ಕ್ಯಾಲೆಂಡರಿನಲ್ಲಿ ಬರೆದಿಡಿ. ಮೊದಲ ಎರಡು ಮೂರು ವಾರ ಏನೂ ಕಾಣದೆ ಹೋಗಬಹುದು. ಚಿಪ್ಪು ಗಟ್ಟಿಯಾಗಲು ತಿಂಗಳುಗಳೇ ಬೇಕು, ಆಗಲೇ ಸೊಟ್ಟಗಾಗಿದ್ದು ನೆಟ್ಟಗಾಗುವುದಿಲ್ಲ. ಒಂದು ದಿನ ಅದು ತಾನಾಗೇ ಹಂಚಿನ ಮೇಲೆ ಹತ್ತಿ, ಹಿಂಗಾಲು ಎರಡನ್ನೂ ಹಿಂದಕ್ಕೆ ಚಾಚಿ ಕೂತಿರುತ್ತದೆ, ನಿಮ್ಮನ್ನು ಕಂಡು ದಡಬಡ ನೀರಿಗೆ ಬೀಳುತ್ತದೆ. ಆವತ್ತು ಹೋಗಿ ದೊಡ್ಡ ಟಬ್ ತನ್ನಿ. ಹೆಣ್ಣಾದರೆ ಊಟದ ತಟ್ಟೆಯಷ್ಟು ದೊಡ್ಡದಾಗುತ್ತದೆ, ಇಪ್ಪತ್ತು ವರ್ಷಕ್ಕೂ ಜಾಸ್ತಿ ಬದುಕುತ್ತದೆ. ಅಷ್ಟು ದಿನ ಆಗದು ಅನ್ನಿಸಿದರೆ ಸಾಕುವವರನ್ನು ಹುಡುಕಿ ಕೊಡಿ. ಮೈಸೂರಿನ ಕುಕ್ಕರಹಳ್ಳಿಯಂಥ ಕೆರೆಗೆ ಬಿಟ್ಟುಬರಬೇಡಿ. ಅಲ್ಲಿನ ಆಮೆಗಳ ಊಟಕ್ಕೂ ಬಿಸಿಲು ಕಾಯಿಸುವ ಬಂಡೆಗೂ ಇದು ಪೈಪೋಟಿಗೆ ನಿಲ್ಲುತ್ತದೆ.