ಮೂಗಿಗೆ ರೂಢಿಯಾದ ಫಾರ್ಮಲಿನ್

ದಾವಣಗೆರೆ ಕಡೆಯ ಒಂದು ಶವಾಗಾರ. ಏಪ್ರಿಲ್ ತಿಂಗಳ ಮಧ್ಯಾಹ್ನ. ಸಹಾಯಕರೊಬ್ಬರು ಕ್ಯಾನ್ ಬಗ್ಗಿಸಿ ಬಕೆಟ್‌ಗೆ ಫಾರ್ಮಲಿನ್, ಅಂದರೆ ದೇಹ ಕೆಡದಂತೆ ಇಡುವ ದ್ರಾವಣ, ಸುರಿಯುತ್ತಿದ್ದರು. ಬಾಗಿಲಲ್ಲೇ ನಿಂತಿದ್ದ ನನ್ನ ಕಣ್ಣಲ್ಲಿ ನೀರು ಬಂತು, ಗಂಟಲು ಕೆರೆಯಿತು. ಅವರ ಮುಖಕ್ಕಿದ್ದದ್ದು ಬಟ್ಟೆ ಮಾಸ್ಕ್. “ನಮಗೆ ರೂಢಿ ಆಗೈತಿ ಬಿಡ್ರಿ” ಅಂದರು.

ರೂಢಿಯಾಗಿದ್ದು ಮೂಗಿಗೆ ಮಾತ್ರ. ಘಾಟು ಗೊತ್ತಾಗದಿದ್ದರೂ ಒಳಗೆ ಹೋಗುವ ಅನಿಲ ಅಷ್ಟೇ ಇರುತ್ತದೆ. ಸೆಕೆ ಜಾಸ್ತಿಯಾದಷ್ಟೂ ಅದು ಬೇಗ ಆವಿಯಾಗುತ್ತದೆ.

ಫಾರ್ಮಾಲ್ಡಿಹೈಡ್ ಅನಿಲವನ್ನು ನೀರಲ್ಲಿ ಕರಗಿಸಿದರೆ ಫಾರ್ಮಲಿನ್. 1893ರಲ್ಲಿ ಜರ್ಮನಿಯ ವೈದ್ಯ ಫರ್ಡಿನೆಂಡ್ ಬ್ಲುಮ್ ಇದು ರೋಗಾಣುಗಳನ್ನು ಕೊಲ್ಲುತ್ತದಾ ಎಂದು ನೋಡುತ್ತಿದ್ದರು. ಆಗ ತಮ್ಮ ಬೆರಳಿನ ಚರ್ಮವೇ ಗಟ್ಟಿಯಾದದ್ದು ಕಂಡಿತು. ಅಂಗಾಂಶ ಕೆಡದಂತೆ ಇಡಲು ಇದು ಬರುತ್ತದೆ ಎಂದು ಹೊಳೆದದ್ದು ಹಾಗೆ. ಅಂದರೆ, ಕೆಲಸ ಮಾಡುವವರ ಮೈಗೆ ಇದು ತಾಗುತ್ತದೆ ಅನ್ನುವುದು ಮೊದಲೇ ಗೊತ್ತಿತ್ತು, ಅಲ್ವಾ?

1965ರಲ್ಲಿ ದಾವಣಗೆರೆಗೆ ಮೆಡಿಕಲ್ ಕಾಲೇಜು ಬರುವ ಹೊತ್ತಿಗೆ ದೇಹ ಕಾಪಿಡಲು ಫಾರ್ಮಲಿನ್ ಎಲ್ಲೆಡೆ ಬಳಕೆಯಲ್ಲಿತ್ತು. ಇದರಿಂದ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಖಚಿತವಾಗಿ ಹೇಳಿದ್ದು 2004ರಲ್ಲಿ. ಮೊದಲು ಮೂಗಿನ ಹಿಂದಿನ ಗಂಟಲಿನ ಕ್ಯಾನ್ಸರ್. 2009ರಲ್ಲಿ ರಕ್ತದ ಕ್ಯಾನ್ಸರ್ ಕೂಡ ಸೇರಿತು. ಅಮೆರಿಕದಲ್ಲಿ ಹೆಚ್ಚು ವರ್ಷ ಎಂಬಾಮಿಂಗ್ (ದೇಹ ಕೆಡದಂತೆ ರಾಸಾಯನಿಕ ತುಂಬುವ ಕೆಲಸ) ಮಾಡಿದವರಲ್ಲಿ ಈ ಅಪಾಯ ಹೆಚ್ಚು ಎಂದು ಅದೇ ವರ್ಷದ ಅಧ್ಯಯನವೊಂದು ತೋರಿಸಿತ್ತು.

ನಮ್ಮಲ್ಲಿ ಭೋಪಾಲ್ ದುರಂತದ ನಂತರ, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಬಂತು. ಕೆಲಸದ ಜಾಗದ ಗಾಳಿಯಲ್ಲಿ ಯಾವ ರಾಸಾಯನಿಕ ಎಷ್ಟಿರಬಹುದು ಎಂಬ ಮಿತಿ ಅದರಲ್ಲಿತ್ತು. ಆದರೆ ಶವಾಗಾರ ಕಾರ್ಖಾನೆಯಲ್ಲವಲ್ಲ! ಅಲ್ಲಿ ದುಡಿಯುವವರು ಆ ಲೆಕ್ಕದಿಂದ ಹೊರಗೇ ಉಳಿದರು. ಇದು ನನಗೆ ಸಹಿಸಲಾಗದ ಸಂಗತಿ.

ಫಾರ್ಮಾಲ್ಡಿಹೈಡ್‌ಗೆ ಅಮೆರಿಕದ ನಿಯಮ ಎರಡು ಮಿತಿ ಹಾಕುತ್ತದೆ. ಎಂಟು ಗಂಟೆಯ ಸರಾಸರಿ, ಹತ್ತು ಲಕ್ಷ ಪಾಲು ಗಾಳಿಗೆ 0.75 ಪಾಲು. ಯಾವುದೇ 15 ನಿಮಿಷದಲ್ಲಿ 2 ಪಾಲು. ಶವಾಗಾರಕ್ಕೆ ಮುಖ್ಯವಾದದ್ದು ಈ ಎರಡನೆಯದು. ಸುರಿಯುವಾಗ, ಜಾಡಿ ತೆರೆಯುವಾಗ, ದೇಹದ ಮೇಲೆ ಬಾಗಿದಾಗ ಘಾಟು ಒಮ್ಮೆಲೇ ಏರುತ್ತದೆ. ದಿನದ ಸರಾಸರಿಯಲ್ಲಿ ಅದು ಕಾಣುವುದೇ ಇಲ್ಲ. ಹಾಗಾಗಿ ಗಾಳಿಯಲ್ಲಿ ಇದು ಎಷ್ಟಿದೆ ಎಂದು ಅಳೆಯುವ ಬ್ಯಾಡ್ಜ್ ಗೋಡೆಯ ಮೇಲಲ್ಲ, ಕೆಲಸ ಮಾಡುವವರ ಕಾಲರ್ ಮೇಲೆ, ಮೂಗಿನ ಹತ್ತಿರ ಇರಬೇಕು. ಗಾಳಿ ಎಳೆಯುವ ವ್ಯವಸ್ಥೆಯೂ ಮೇಜಿನ ಮಟ್ಟದಲ್ಲಿರಬೇಕು. ಛಾವಣಿ ಹತ್ತಿರದ ಎಕ್ಸಾಸ್ಟ್ ಫ್ಯಾನ್ ಘಾಟನ್ನು ಮುಖದ ಮುಂದಿನಿಂದಲೇ ಮೇಲಕ್ಕೆ ಎಳೆಯುತ್ತದೆ. ಎನ್-95 ಮಾಸ್ಕ್ ಕೂಡ ಧೂಳಿಗಷ್ಟೇ. ಅನಿಲಕ್ಕೆ ಬೇರೆ ಕಾರ್ಟ್ರಿಜ್ (ಅನಿಲ ಹೀರುವ ಡಬ್ಬಿ) ಇರುವ ಮಾಸ್ಕೇ ಬೇಕು.

ಫಾರ್ಮಲಿನ್ ಒಂದೇ ಅಲ್ಲ. ಕಾಳಿಗೆ ಹುಳ ಬೀಳದಂತೆ ಇಡುವ ಮಾತ್ರೆ ನುಂಗಿ ಸತ್ತವರ ಹೊಟ್ಟೆ ತೆರೆದರೆ ಫಾಸ್ಫೀನ್ ಅನಿಲ ಹೊರಬರಬಹುದು. ಅದೂ ವಿಷವೇ.

ಅವತ್ತು ನಾವು ಮಾತಾಡಿ ಮುಗಿಸುವವರೆಗೂ ಆ ಬಕೆಟ್‌ಗೆ ಮುಚ್ಚಳ ಇರಲಿಲ್ಲ.